ಪಾಂಚೊ ಗೊನ್ಜಾಲೆಸ್: ಬೀದಿಯಿಂದ ಅಂಗಳಕ್ಕೆ

ವಿಂಬಲ್ಡನ್ ಸಿಂಗಲ್ಸ್ ವಿಜೇತರ ಹೆಸರುಗಳನ್ನು ಬಾಯಿಪಾಠವಾಗಿ ಹೇಳುವವರು ನಮ್ಮ ಮನೆಗಳಲ್ಲೇ ಇದ್ದಾರೆ. ಆ ಪಟ್ಟಿಯಲ್ಲಿ ಪಾಂಚೊ ಗೊನ್ಜಾಲೆಸ್ ಹೆಸರಿಲ್ಲ. ಆದರೂ 1950ರ ದಶಕದಲ್ಲಿ ಅವರನ್ನು ಮೀರಿಸಿದ ಆಟಗಾರ ವಿರಳ.

ರಿಚರ್ಡ್ ಗೊನ್ಜಾಲೆಸ್ 1928ರ ಮೇ 9ರಂದು ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ, ಮೆಕ್ಸಿಕೊದಿಂದ ವಲಸೆ ಬಂದ ದಂಪತಿಯ ಏಳು ಮಕ್ಕಳಲ್ಲಿ ಹಿರಿಯರಾಗಿ ಜನಿಸಿದರು. ಮೆಕ್ಸಿಕನ್ನರನ್ನು ಹಗುರವಾಗಿ ಕರೆಯಲು ಬಳಸುತ್ತಿದ್ದ ‘ಪಾಂಚೊ’ ಎಂಬ ಅಡ್ಡಹೆಸರೇ ಅವರಿಗೆ ಅಂಟಿಕೊಂಡಿತು. ಹನ್ನೆರಡರ ಬಾಲಕನಿಗೆ ತಾಯಿ ಕೊಡಿಸಿದ್ದು 51 ಸೆಂಟ್ ಬೆಲೆಯ ರ‍್ಯಾಕೆಟ್. ಗುರುವಿರಲಿಲ್ಲ, ಎಕ್ಸ್‌ಪೊಸಿಷನ್ ಪಾರ್ಕಿನ ಸಾರ್ವಜನಿಕ ಅಂಗಳದಲ್ಲಿ ಬಲ್ಲವರ ಆಟವನ್ನು ನೋಡಿಯೇ ಕಲಿತರು.

ಆಟದ ಹುಚ್ಚಿನಲ್ಲಿ ಶಾಲೆ ತಪ್ಪಿತು. ಅದೇ ಕಾರಣ ನೀಡಿ, ದಕ್ಷಿಣ ಕ್ಯಾಲಿಫೋರ್ನಿಯಾದ ಟೆನಿಸ್ ಆಡಳಿತ ನಡೆಸುತ್ತಿದ್ದ ಪೆರ‍್ರಿ ಜೋನ್ಸ್ ಕಿರಿಯರ ಪಂದ್ಯಾವಳಿಗಳಿಂದ ಹುಡುಗನನ್ನು ಹೊರಗಿಟ್ಟರು. ಬಡ ಮೆಕ್ಸಿಕನ್ ಮನೆತನವೂ ಅದಕ್ಕೆ ಕಾರಣವಾಗಿರಬಹುದೆಂಬ ಸಂಶಯ ಸುಲಭವಾಗಿ ಅಳಿಯುವಂಥದ್ದಲ್ಲ. ಹದಿನೈದನೇ ವಯಸ್ಸಿನಲ್ಲಿ ಕಳ್ಳತನದ ಪ್ರಕರಣದಲ್ಲಿ ಸಿಕ್ಕಿಬಿದ್ದು ಸುಮಾರು ಒಂದು ವರ್ಷ ಬಂಧನದಲ್ಲಿ ಕಳೆದರು. ಬಳಿಕ ನೌಕಾಪಡೆ ಸೇರಿ, 1947ರಲ್ಲಿ ಹೊರಬಂದರು.

ಮರುವರ್ಷವೇ, ಇಪ್ಪತ್ತರ ಹರೆಯದಲ್ಲಿ, ಅಮೆರಿಕನ್ ಚಾಂಪಿಯನ್! ಟೀಕಾಕಾರರು ಅದನ್ನು ಅದೃಷ್ಟದ ಗೆಲುವೆಂದರು. 1949ರ ಅಂತಿಮ ಪಂದ್ಯದಲ್ಲಿ ಟೆಡ್ ಶ್ರೋಡರ್ ಎದುರು ಮೊದಲ ಸೆಟ್ಟನ್ನು 16-18ರಿಂದ, ಎರಡನೆಯದನ್ನು 2-6ರಿಂದ ಕಳೆದುಕೊಂಡರೂ ಉಳಿದ ಮೂರನ್ನೂ ಗೆದ್ದು ಪ್ರಶಸ್ತಿ ಉಳಿಸಿಕೊಂಡರು.

ಆ ಕೂಡಲೇ ಅವರು ವೃತ್ತಿಪರರಾದರು. ಹಣಕ್ಕಾಗಿ ಆಡುವವರಿಗೆ ಆಗ ವಿಂಬಲ್ಡನ್ನಿನಂತಹ ಪಂದ್ಯಾವಳಿಗಳಲ್ಲಿ ಪ್ರವೇಶವಿರಲಿಲ್ಲ. ಇಪ್ಪತ್ತೊಂದರಲ್ಲೇ ಮತ್ತೊಂದು ಬಾಗಿಲು ಮುಚ್ಚಿತು. ಊರೂರು ಸುತ್ತುವ ಸರಣಿಯಲ್ಲಿ ಜ್ಯಾಕ್ ಕ್ರೇಮರ್ ಎದುರು 27 ಪಂದ್ಯ ಗೆದ್ದು 96ರಲ್ಲಿ ಸೋತರು. ಕೆಲಕಾಲ ತೆರೆಮರೆಗೆ ಸರಿದರು. ಆದರೆ 1954ರ ಹೊತ್ತಿಗೆ ವೃತ್ತಿಪರರಲ್ಲಿ ಅಗ್ರಗಣ್ಯರಾಗಿದ್ದರು. 1955ರಲ್ಲಿ ಫ್ರೆಂಚ್, ವಿಂಬಲ್ಡನ್, ಅಮೆರಿಕನ್ ಪ್ರಶಸ್ತಿಗಳನ್ನು ಗೆದ್ದು ವೃತ್ತಿಪರನಾದ ಟೋನಿ ಟ್ರಾಬರ್ಟ್‌ಗೆ ಗೊನ್ಜಾಲೆಸ್ ಎದುರು ದಕ್ಕಿದ್ದು 27 ಗೆಲುವು, ಸೋಲು 74.

ಬಾಗಿಲು ತೆರೆದದ್ದು 1968ರಲ್ಲಿ. ಆ ವೇಳೆಗೆ ಅವರಿಗೆ ನಲವತ್ತು. ಮರುವರ್ಷ ವಿಂಬಲ್ಡನ್ನಿನಲ್ಲಿ, ತನಗಿಂತ ಬಹು ಕಿರಿಯನಾದ ಚಾರ್ಲಿ ಪಸರೆಲ್ ಎದುರು ಮೊದಲ ಎರಡು ಸೆಟ್ ಸೋತು, ಕತ್ತಲಾದ್ದರಿಂದ ಮರುದಿನಕ್ಕೆ ಮುಂದೂಡಿದ ಪಂದ್ಯವನ್ನು 22-24, 1-6, 16-14, 6-3, 11-9ರಿಂದ ಗೆದ್ದರು. ಒಟ್ಟು 112 ಗೇಮ್‌ಗಳ ಆ ದಾಖಲೆ ವಿಂಬಲ್ಡನ್ ಸಿಂಗಲ್ಸ್‌ನಲ್ಲಿ 2010ರವರೆಗೆ ಉಳಿಯಿತು. ಗೊನ್ಜಾಲೆಸ್ 1995ರ ಜುಲೈ 3ರಂದು ಲಾಸ್ ವೇಗಸ್‌ನಲ್ಲಿ ನಿಧನರಾದರು.