ಮೆಣಸಿನ ರಾಣಿಯೂ ಕಾನಿನ ಋಣವೂ

ಹಾಡುವಳ್ಳಿ ಮತ್ತು ಗೇರುಸೊಪ್ಪೆಯ ಸಾಳುವ ರಾಣಿ ಚೆನ್ನಭೈರಾದೇವಿ 1552ರಿಂದ 1606ರವರೆಗೆ, 54 ವರ್ಷ ರಾಜ್ಯವಾಳಿದಳೆಂಬುದು ಇತಿಹಾಸಕಾರರ ಅಭಿಮತ. ಇಂದಿನ ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ಬಹುಭಾಗ ಆಕೆಯ ಆಳ್ವಿಕೆಯಲ್ಲಿತ್ತು. ಜೈನಮತೀಯಳಾದ ಈಕೆಯನ್ನು ಪೋರ್ಚುಗೀಸರು ಕರಿಮೆಣಸಿನ ರಾಣಿಯೆಂದು ಕರೆದರು. ಕುಮಟಾ ಸಮೀಪದ ಮಿರ್ಜಾನ್ ಕೋಟೆ ಇಂದಿಗೂ ಆಕೆಯ ಹೆಸರಿನೊಂದಿಗೆ ಬೆಸೆದುಕೊಂಡಿದೆ.

ಕಡಲು ದಾಟುತ್ತಿದ್ದ ಆ ಮೆಣಸಿನ ತವರು ಘಟ್ಟದ ನಿತ್ಯಹರಿದ್ವರ್ಣ ಕಾನುಗಳು. ಮೆಣಸಿನ ಬಳ್ಳಿಗೆ ತಾನೇ ನಿಲ್ಲುವ ಕಸುವಿಲ್ಲ. ಗೆಣ್ಣುಗಳಲ್ಲಿ ಮೂಡುವ ಬೇರುಗಳಿಂದ ಮರವನ್ನು ತಬ್ಬಿ, ಅದರ ರಸವನ್ನು ಹೀರದೆ, ನೆರಳು ತೇವಗಳ ನಡುವೆ ಮೇಲೇರುತ್ತದೆ. ಕಾಡುಬಳ್ಳಿಯ ಹಣ್ಣು ತಿಂದ ಹಕ್ಕಿಗಳು ಬೀಜ ಹರಡುತ್ತವೆ. ಅದೇ ಕಾನಿನ ರಾಮಪತ್ರೆ ತನ್ನ ದೊಡ್ಡ ಬೀಜಗಳ ಪ್ರಸಾರಕ್ಕೆ ಮಂಗಟ್ಟೆ ಹಕ್ಕಿಯನ್ನು ನೆಚ್ಚಿದೆ. ಮಂಗಟ್ಟೆಯ ಗೂಡಿಗೆ ಹೆಮ್ಮರದ ಪೊಟರೆಯೇ ಬೇಕು. ಯುಗಯುಗಗಳ ವಿಕಾಸ ಹೆಣೆದ ಈ ಬಲೆಯಲ್ಲಿ ಒಂದೆಳೆ ಕಡಿದರೆ ಉಳಿದವೂ ಸಡಿಲಗೊಳ್ಳುತ್ತವೆ.

ಕೆಳದಿಯ ವೆಂಕಟಪ್ಪ ನಾಯಕನಿಗೆ ಸೋತ ರಾಣಿ ಸೆರೆಯಲ್ಲಿಯೇ ಅಸುನೀಗಿದಳು. ರಾಜ್ಯ ಅಳಿಯಿತು, ಕಾನು ಉಳಿದಿದ್ದರಿಂದ ಮೆಣಸು ಉಳಿಯಿತು. ಗೇರುಸೊಪ್ಪೆಯ ಚತುರ್ಮುಖ ಬಸದಿ ಇಂದಿಗೂ ಕಾಡಿನ ನಡುವೆ ನಿಂತಿದೆ. ಹಣ್ಣುಗಳನ್ನೇ ಹೆಚ್ಚಾಗಿ ನಂಬಿ ಬದುಕುವ ಸಿಂಗಳೀಕಗಳಿಗಾಗಿ ಶರಾವತಿ ಕಣಿವೆಯನ್ನು 2019ರಲ್ಲಿ ಅಭಯಾರಣ್ಯವೆಂದು ಘೋಷಿಸಲಾಯಿತು.

ಕುಸಿದ ಕೋಟೆಯನ್ನು ಕಲ್ಲು ಜೋಡಿಸಿ ಮತ್ತೆ ಕಟ್ಟಬಹುದು. ಆದರೆ ಕಾನು ಬಯಲಾದ ಮೇಲೆ ಮರ, ಬಳ್ಳಿ, ಹಕ್ಕಿಗಳ ನಂಟನ್ನು ಮರಳಿ ಬೆಸೆಯುವುದು ಯಾವ ಅರಸೊತ್ತಿಗೆಗೂ, ಯಾವ ಸರ್ಕಾರಕ್ಕೂ ಸುಲಭಸಾಧ್ಯವಲ್ಲ.