ಯೋಸೆಫ್ ಮಾರ್ಟಿನ್ ಕ್ರೌಸ್: ಪರಭಾಷೆಯ ಆಸ್ಥಾನದಲ್ಲಿ ಒಬ್ಬ ಜರ್ಮನ್ ಸಂಗೀತಕಾರ

ಹದಿನೆಂಟನೆಯ ಶತಮಾನದ ಉತ್ತರಾರ್ಧದ ಪಾಶ್ಚಾತ್ಯ ಸಂಗೀತ ಚರಿತ್ರೆಯನ್ನು ಸಾಮಾನ್ಯವಾಗಿ ವಿಯೆನ್ನಾ ನಗರವನ್ನು ಕೇಂದ್ರವಾಗಿಟ್ಟುಕೊಂಡು ಹೈಡನ್, ಮೊಜಾರ್ಟ್ ಮತ್ತು ಅವರ ಬೆನ್ನಿಗೆ ಬಂದ ಬೀಥೋವನ್ ಎಂಬ ಮೂವರ ಚರಿತ್ರೆಯಾಗಿ ನಿರೂಪಿಸುವ ರೂಢಿ ಬೆಳೆದುಬಂದಿದೆ. ಈ ನಿರೂಪಣೆಯ ಅಂಚಿಗೆ ಸರಿದುಹೋದವರ ಸಂಖ್ಯೆ ಚಿಕ್ಕದಲ್ಲ. ಅವರಲ್ಲಿ ಯೋಸೆಫ್ ಮಾರ್ಟಿನ್ ಕ್ರೌಸ್‌ನ ಪ್ರಕರಣ ವಿಶಿಷ್ಟವಾದುದು. ಅವನು ಹುಟ್ಟಿದ್ದು 1756ರಲ್ಲಿ, ಮೊಜಾರ್ಟ್ ಹುಟ್ಟಿದ ಐದು ತಿಂಗಳಿಗೆ. ತೀರಿಕೊಂಡಿದ್ದು 1792ರಲ್ಲಿ, ಮೊಜಾರ್ಟ್ ತೀರಿಕೊಂಡ ಒಂದು ವರ್ಷಕ್ಕೆ. ಈ ಕಾಲಸಾಮ್ಯದಿಂದಾಗಿ ಅವನಿಗೆ 'ಸ್ವೀಡನ್ನಿನ ಮೊಜಾರ್ಟ್' ಎಂಬ ಬಿರುದು ಅಂಟಿಕೊಂಡಿತು. ಬಿರುದು ಮೆಚ್ಚುಗೆಯಿಂದಲೇ ಬಂದುದಾದರೂ ಅದರಿಂದ ಅವನಿಗೆ ಆದ ಉಪಕಾರಕ್ಕಿಂತ ಅನ್ಯಾಯವೇ ಹೆಚ್ಚು. ಕ್ರೌಸ್ ಸ್ವೀಡನ್ನಿನವನಲ್ಲ, ಅವನ ಸಂಗೀತದ ಸ್ವಭಾವ ಮೊಜಾರ್ಟನದೂ ಅಲ್ಲ.

ಮೈನ್ ನದಿಯ ದಂಡೆಯ ಮಿಲ್ಟೆನ್‌ಬರ್ಗ್ ಎಂಬ ಸಣ್ಣ ಊರಿನಲ್ಲಿ ಜೂನ್ 20ರಂದು ಅವನ ಜನನ. ತಂದೆ ಯೋಸೆಫ್ ಬರ್ನ್‌ಹಾರ್ಡ್ ಕ್ರೌಸ್ ಮೈನ್ಜ್ ಧರ್ಮಾಧಿಪತಿಯ ಆಡಳಿತದಲ್ಲಿ ಒಬ್ಬ ಅಧಿಕಾರಿ. ತಾಯಿ ಅನ್ನಾ ಡೊರೊಥಿಯಾ ಕಟ್ಟಡ ನಿರ್ಮಾಪಕನೊಬ್ಬನ ಮಗಳು. 1761ರಲ್ಲಿ ಕುಟುಂಬವು ಓಡೆನ್‌ವಾಲ್ಡ್ ಪ್ರದೇಶದ ಬೂಖೆನ್ ಎಂಬಲ್ಲಿ ನೆಲೆಸಿತು. ಬಾಲಕನ ಮೊದಲ ಸಂಗೀತಪಾಠಗಳು ನಡೆದುದು ಅಲ್ಲಿಯೇ. ಹನ್ನೆರಡನೆಯ ವಯಸ್ಸಿನಲ್ಲಿ ಅವನನ್ನು ಮನ್ಹೈಮ್‌ನ ಜೆಸೂಯಿಟ್ ಶಾಲೆಗೆ ಕಳುಹಿಸಲಾಯಿತು. ಮನ್ಹೈಮ್ ಆಗ ಯುರೋಪಿನ ಅತ್ಯುತ್ತಮ ವಾದ್ಯವೃಂದಗಳಲ್ಲಿ ಒಂದಕ್ಕೆ ಆಶ್ರಯವಿತ್ತ ನಗರ. ವಾದ್ಯಗಳ ಧ್ವನಿಯನ್ನು ಕ್ರಮೇಣ ಏರಿಸುವ, ಒಮ್ಮೆಲೇ ತಗ್ಗಿಸುವ ಮನ್ಹೈಮ್ ಶೈಲಿಯ ಪರಿಚಯ ಅವನಿಗೆ ಆದುದು ಈ ಪರಿಸರದಲ್ಲಿ. ಅದೇ ಶಾಲೆಯಲ್ಲಿ ಆಂಟನ್ ಕ್ಲೈನ್‌ನಿಂದ ಜರ್ಮನ್ ಸಾಹಿತ್ಯದ ಪಾಠವೂ ಆಯಿತು. ಮುಂದೆ ಅವನ ಜೀವನದುದ್ದಕ್ಕೂ ಸಾಹಿತ್ಯ ಮತ್ತು ಸಂಗೀತ ಬೇರೆಬೇರೆಯಾಗಿ ನಡೆಯಲಿಲ್ಲವೆಂಬುದನ್ನು ಇಲ್ಲಿಯೇ ಗಮನಿಸಬೇಕು.

ಮಗನು ನ್ಯಾಯಶಾಸ್ತ್ರ ಓದಬೇಕೆಂಬುದು ಮನೆಯವರ ಅಪೇಕ್ಷೆ. ಅದರಂತೆ ಅವನು 1773ರಲ್ಲಿ ಮೈನ್ಜ್ ವಿಶ್ವವಿದ್ಯಾನಿಲಯವನ್ನೂ ಮರುವರ್ಷ ಎರ್ಫುರ್ಟ್ ವಿಶ್ವವಿದ್ಯಾನಿಲಯವನ್ನೂ ಸೇರಿದನು. ಎರ್ಫುರ್ಟಿನಲ್ಲಿ ಯೋಹಾನ್ ಸೆಬಾಸ್ಟಿಯನ್ ಬಾಖ್‌ನ ಕೊನೆಯ ಶಿಷ್ಯರಲ್ಲಿ ಒಬ್ಬನಾದ ಕಿಟೆಲ್ ಇದ್ದನು. ಕ್ರೌಸ್‌ನ ಬರವಣಿಗೆಯಲ್ಲಿ ಕಾಣುವ ಬಹುಧ್ವನಿ ರಚನೆಯ ಬಿಗಿಗೆ ಈ ಸಂಪರ್ಕ ಒಂದು ಕಾರಣ. ಆದರೆ 1775ರಲ್ಲಿ ತಂದೆಯ ಮೇಲೆ ಅಧಿಕಾರ ದುರುಪಯೋಗದ ಆರೋಪ ಬಂದು, ವಿದ್ಯಾಭ್ಯಾಸ ನಿಂತಿತು. ಬೂಖೆನ್‌ಗೆ ಹಿಂದಿರುಗಿದ ಹತ್ತೊಂಬತ್ತರ ತರುಣನು ಆ ಒಂದು ವರ್ಷದಲ್ಲಿ 'ಟೋಲೋನ್' ಎಂಬ ದುರಂತ ನಾಟಕವನ್ನು ಬರೆದನು. 'ಯೇಸುವಿನ ಮರಣ' ಎಂಬ ಧಾರ್ಮಿಕ ಗೀತಕಥನಕ್ಕೆ ಸಾಹಿತ್ಯ, ಸಂಗೀತ ಎರಡನ್ನೂ ತಾನೇ ರಚಿಸಿದನು. ಮನೆಯ ಸಂಕಟದ ಕಾಲವೇ ಅವನ ಮೊದಲ ಸೃಷ್ಟಿಶೀಲ ಕಾಲವಾಯಿತು.

1776ರ ಕೊನೆಯ ಹೊತ್ತಿಗೆ ಅವನು ಗ್ಯೋಟಿಂಗನ್ ಸೇರಿದನು. ಕ್ಲಾಪ್‌ಸ್ಟಾಕ್‌ನನ್ನು ಗುರುವೆಂದು ಭಾವಿಸಿದ್ದ 'ಹೈನ್‌ಬುಂಡ್' ಎಂಬ ತರುಣ ಕವಿಗಳ ಕೂಟ ಅಲ್ಲಿ 1772ರಲ್ಲಿ ಹುಟ್ಟಿತ್ತು. ಕ್ರೌಸ್ ಬರುವಷ್ಟರಲ್ಲಿ ಆ ಕೂಟದ ಸದಸ್ಯರು ಬಹುಮಟ್ಟಿಗೆ ಚದುರಿಹೋಗಿದ್ದರೂ ಅದರ ಉತ್ಸಾಹ ಆರಿರಲಿಲ್ಲ. ಭಾವೋತ್ಕಟತೆಯನ್ನೂ ಸ್ವಚ್ಛಂದ ಪ್ರತಿಭೆಯನ್ನೂ ಎತ್ತಿಹಿಡಿದ 'ಷ್ಟುರ್ಮ್ ಉಂಡ್ ಡ್ರಾಂಗ್' ಚಳವಳಿಯನ್ನು ಸಾಹಿತ್ಯ ಚರಿತ್ರೆಕಾರರು ಗಯಟೆ, ಷಿಲ್ಲರ್‌ರ ಮೂಲಕ ವಿವರಿಸುತ್ತಾರೆ. ಅದೇ ಹೆಸರನ್ನು ಆ ಕಾಲದ ಸಂಗೀತಕ್ಕೂ ಹಚ್ಚುವುದುಂಟು. ಹೈಡನ್‌ನ ಕೆಲವು ಸಿಂಫನಿಗಳಿಗೆ ಅದನ್ನು ಅನ್ವಯಿಸಿದಾಗ ಸಂಬಂಧ ಕೇವಲ ಹೋಲಿಕೆಯದಾಗಿ ಉಳಿಯುತ್ತದೆ. ಕ್ರೌಸ್‌ನ ವಿಷಯದಲ್ಲಿ ಹಾಗಲ್ಲ. ಅವನು ಆ ಚಳವಳಿಯ ಗಾಳಿಯಲ್ಲಿಯೇ ಉಸಿರಾಡಿದ ಲೇಖಕ. 1778ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಅನಾಮಿಕವಾಗಿ ಪ್ರಕಟವಾದ, 1777ನೆಯ ಇಸವಿಯ ಸಂಗೀತವನ್ನು ಕುರಿತ ಅವನ ವಿಮರ್ಶಾ ಪ್ರಬಂಧ ಇದಕ್ಕೆ ಸಾಕ್ಷಿ. ಸಮಕಾಲೀನರನ್ನು ನಿರ್ದಾಕ್ಷಿಣ್ಯವಾಗಿ ತೂಗುವ ಈ ಪುಸ್ತಿಕೆ ಗ್ಲುಕ್‌ನ ಅಪೆರಾಗಳ ಪಕ್ಷವನ್ನು ವಹಿಸುತ್ತದೆ. ಸಂಗೀತವು ಗಾಯಕನ ಚಮತ್ಕಾರ ಪ್ರದರ್ಶನಕ್ಕೆ ಅಲ್ಲ, ನಾಟಕದ ಭಾವಕ್ಕೆ ಅಧೀನವಾಗಿರಬೇಕೆಂಬ ಗ್ಲುಕ್‌ನ ಸುಧಾರಣಾ ದೃಷ್ಟಿಯನ್ನು ಕ್ರೌಸ್ ಕಡೆಯವರೆಗೂ ಬಿಡಲಿಲ್ಲ.

ಗ್ಯೋಟಿಂಗನ್‌ನಲ್ಲಿ ಸಹಪಾಠಿಯಾಗಿದ್ದ ಸ್ವೀಡನ್ನಿನ ಕಾರ್ಲ್ ಸ್ಟ್ರಿಡ್ಸ್‌ಬರ್ಗ್ ಅವನ ಬಾಳಿನ ದಿಕ್ಕನ್ನೇ ಬದಲಿಸಿದನು. ಸ್ಟಾಕ್‌ಹೋಮಿನಲ್ಲಿ ಕಲಾಪ್ರಿಯ ದೊರೆಯಿದ್ದಾನೆ, ಅಲ್ಲಿಗೆ ಬಾ ಎಂಬುದು ಅವನ ಸಲಹೆ. ಮೂರನೆಯ ಗುಸ್ತಾವ್ 1771ರಲ್ಲಿ ಪಟ್ಟಕ್ಕೆ ಬಂದವನು, 1772ರಲ್ಲಿ ಕ್ಷಿಪ್ರಕ್ರಾಂತಿಯಿಂದ ಅಧಿಕಾರವನ್ನು ತನ್ನ ಕೈಗೆ ತೆಗೆದುಕೊಂಡವನು. ಅವನು ಅಪೆರಾವನ್ನು ರಾಜಕಾರಣದ ಅಂಗವೆಂದೇ ತಿಳಿದಿದ್ದನು. ಯುರೋಪಿನ ಆಸ್ಥಾನಗಳಲ್ಲಿ ಇಟಾಲಿಯನ್ ಮತ್ತು ಫ್ರೆಂಚ್ ಭಾಷೆಗಳ ಯಾಜಮಾನ್ಯವಿದ್ದ ಕಾಲದಲ್ಲಿ, ಸ್ವೀಡಿಷ್ ಭಾಷೆಯಲ್ಲಿಯೇ ಅಪೆರಾ ನಡೆಯಬೇಕೆಂದು ಅವನು ಹಟ ಹಿಡಿದನು. 1773ರ ಜನವರಿಯಲ್ಲಿ ಅಂಥ ಮೊದಲ ಪ್ರಯೋಗವೂ ಆಯಿತು. ದೇಶಭಾಷೆಯ ರಂಗಭೂಮಿಯನ್ನು ಕಟ್ಟುವ ಈ ಯೋಜನೆಗೆ ಸಂಗೀತ ಒದಗಿಸಿದವರು ಮಾತ್ರ ಬಹುತೇಕ ಹೊರಗಿನವರು. ಮೊದಲ ಅಪೆರಾದ ಸಂಗೀತಕಾರ ಉತ್ತೀನಿ ಇಟಲಿಯವನು; ಅನಂತರ ಬಂದ ನೌಮಾನ್, ಫೋಗ್ಲರ್, ಕ್ರೌಸ್ ಮೂವರೂ ಜರ್ಮನರು. ಸ್ವೀಡಿಷ್ ನುಡಿಯ ಒತ್ತು, ಏರಿಳಿತಗಳನ್ನು ಪರಭಾಷಿಕರು ಕಲಿತು ಸ್ವರಕ್ಕೆ ಇಳಿಸಬೇಕಾಗಿತ್ತು. ಇವರ ಪೈಕಿ ಆ ನುಡಿಯನ್ನು ಅತ್ಯಂತ ಆಳವಾಗಿ ಒಲಿಸಿಕೊಂಡವನು ಕ್ರೌಸ್.

1778ರ ಜೂನ್ ತಿಂಗಳಲ್ಲಿ ಅವನು ಸ್ಟಾಕ್‌ಹೋಮ್ ತಲುಪಿದನು. ಮುಂದಿನ ಮೂರು ವರ್ಷ ಬಡತನದ ವರ್ಷಗಳು. ಸ್ಟ್ರಿಡ್ಸ್‌ಬರ್ಗ್ ಬರೆದ 'ಆಜೀರೆ' ಎಂಬ ಕೃತಿಗೆ ಅವನು ರಚಿಸಿದ ಅಪೆರಾವನ್ನು ಸಂಗೀತ ಅಕಾಡೆಮಿ ತಿರಸ್ಕರಿಸಿತು. ಅದರ ಕೆಲವು ತುಣುಕುಗಳಷ್ಟೇ ಇಂದು ಉಳಿದಿವೆ. 1780ರಲ್ಲಿ ಅದೇ ಅಕಾಡೆಮಿ ಅವನನ್ನು ಸದಸ್ಯನನ್ನಾಗಿ ಆರಿಸಿತಾದರೂ ಅದರಿಂದ ಹೊಟ್ಟೆ ತುಂಬುವಂತಿರಲಿಲ್ಲ. ಕೊನೆಗೆ ದೊರೆಯೇ ಕಥಾಹಂದರ ಹಾಕಿಕೊಟ್ಟು ಕವಿ ಯೋಹಾನ್ ಹೆನ್ರಿಕ್ ಶೆಲ್‌ಗ್ರೆನ್ ಪದ್ಯರೂಪಕ್ಕೆ ತಂದ 'ಪ್ರೊಸೆರ್ಪಿನ್' ಪರೀಕ್ಷಾರ್ಥವಾಗಿ ಅವನ ಕೈಸೇರಿತು. 1781ರ ಜೂನ್‌ನಲ್ಲಿ ಉಲ್ರಿಕ್ಸ್‌ಡಾಲ್ ಅರಮನೆಯಲ್ಲಿ ಅದು ಪ್ರಯೋಗವಾದಾಗ ದೊರೆ ಮೆಚ್ಚಿದನು. ಕ್ರೌಸ್ ಆಸ್ಥಾನದ ಉಪಸಂಗೀತ ನಿರ್ದೇಶಕನಾದನು; ಯುರೋಪ್ ಸಂಚಾರಕ್ಕೆ ರಾಜಭಂಡಾರದಿಂದ ಹಣವೂ ದೊರೆಯಿತು.

ಹೊಸ ಅಪೆರಾಗೃಹದ ಉದ್ಘಾಟನೆಗೆಂದು ಶೆಲ್‌ಗ್ರೆನ್‌ನ ಸಾಹಿತ್ಯಕ್ಕೆ 'ಕಾರ್ಥೇಜಿನಲ್ಲಿ ಈನಿಯಸ್' ಎಂಬ ಬೃಹತ್ ಕೃತಿಯನ್ನು ರಚಿಸುವ ಹೊಣೆಯೂ ಅವನಿಗೆ ಬಂದಿತು. ಒಂದು ಪೂರ್ವರಂಗ ಮತ್ತು ಐದು ಅಂಕಗಳ ಈ ಅಪೆರಾ ಅವನ ಮಹತ್ವಾಕಾಂಕ್ಷೆಯ ಶಿಖರ. ಆದರೆ ಮುಖ್ಯ ಗಾಯಕಿ ಕ್ಯಾರೊಲೀನ್ ಮ್ಯುಲರ್ ಸಾಲಗಾರರಿಗೆ ಹೆದರಿ ಗಂಡನೊಡನೆ ಊರು ಬಿಟ್ಟಳು. 1782ರ ಸೆಪ್ಟೆಂಬರ್‌ನಲ್ಲಿ ರಂಗಮಂದಿರ ತೆರೆದಾಗ ಅಲ್ಲಿ ನಡೆದುದು ನೌಮಾನ್‌ನ 'ಕೋರಾ ಮತ್ತು ಅಲೊನ್ಜೊ'. ಒಬ್ಬ ಗಾಯಕಿಯ ಸಾಲದ ದೆಸೆಯಿಂದ ಒಂದು ದೊಡ್ಡ ಕೃತಿ ಹದಿನೇಳು ವರ್ಷ ಪೆಟ್ಟಿಗೆಯಲ್ಲಿ ಉಳಿಯಿತು. ಅಷ್ಟರಲ್ಲಿ ಕರ್ತೃವೂ ಇರಲಿಲ್ಲ, ಆಜ್ಞಾಪಿಸಿದ ದೊರೆಯೂ ಇರಲಿಲ್ಲ.

1782ರಿಂದ 1787ರವರೆಗಿನ ಪ್ರವಾಸ ಅವನ ಜೀವನದ ಅತ್ಯಂತ ಫಲವತ್ತಾದ ಕಾಲ. ಜರ್ಮನಿಯ ನಗರಗಳನ್ನು ಹಾದು 1783ರಲ್ಲಿ ವಿಯೆನ್ನಾ ತಲುಪಿ, ತಾನು ಆರಾಧಿಸುತ್ತಿದ್ದ ಗ್ಲುಕ್‌ನನ್ನು ಕಂಡನು. ಗ್ಲುಕ್ ಈ ತರುಣನ ಶೈಲಿಯ ಗಾಂಭೀರ್ಯವನ್ನು ಮೆಚ್ಚಿದನೆಂಬ ವರದಿಯಿದೆ. ಅದೇ ವರ್ಷ ಎಸ್ಟರ್‌ಹಾಜಾದಲ್ಲಿ ಹೈಡನ್‌ನ ಭೇಟಿಯೂ ಆಯಿತು. ಅನಂತರ ಇಟಲಿಗೆ ಹೋಗಿ, ಅಲ್ಲಿ ಸಂಚರಿಸುತ್ತಿದ್ದ ಗುಸ್ತಾವ್ ದೊರೆಯನ್ನು ಕೂಡಿಕೊಂಡನು. ಬೊಲೋನ್ಯದ ವಿದ್ವಾಂಸ ಪಾದ್ರಿ ಮಾರ್ಟಿನಿ ತನ್ನ ಚಿತ್ರಸಂಗ್ರಹಕ್ಕೆ ಕ್ರೌಸ್‌ನ ಭಾವಚಿತ್ರವನ್ನು ಸೇರಿಸಿಕೊಂಡನು. 1784ರಲ್ಲಿ ಪ್ಯಾರಿಸ್, 1785ರಲ್ಲಿ ಹ್ಯಾಂಡೆಲ್ ಸ್ಮರಣೋತ್ಸವಕ್ಕಾಗಿ ಲಂಡನ್, ಮತ್ತೆ ಪ್ಯಾರಿಸ್.

ವಿಯೆನ್ನಾದ ಕಾಲಕ್ಕೆ ಸೇರಿದ ಸಿ ಮೈನರ್ ಸಿಂಫನಿಯನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡುವುದು ಉಚಿತ. ಅದರ ಪೂರ್ವರೂಪ 1782ರ ಸಿ ಶಾರ್ಪ್ ಮೈನರ್ ಸಿಂಫನಿ. ಆ ಶ್ರುತಿಯಲ್ಲಿ ವಾದ್ಯವೃಂದಕ್ಕೆ ಬರೆಯುವುದು ಆ ಕಾಲದಲ್ಲಿ ಅತಿ ವಿರಳ; ಅಂದಿನ ಕೊಂಬುವಾದ್ಯಗಳಿಗೆ ಅದು ಅನುಕೂಲವಲ್ಲ. ಪರಿಷ್ಕರಣದಲ್ಲಿ ಕ್ರೌಸ್ ಶ್ರುತಿಯನ್ನು ಇಳಿಸಿದನು, ಕೊಳಲುಗಳನ್ನು ಕೈಬಿಟ್ಟನು, ಕೊಂಬುಗಳನ್ನು ಎರಡರಿಂದ ನಾಲ್ಕಕ್ಕೆ ಏರಿಸಿದನು. ನರ್ತನದ ಲಯದ 'ಮಿನುಯೆಟ್' ಭಾಗವನ್ನು ಕಿತ್ತುಹಾಕಿದ್ದರಿಂದ ನಾಲ್ಕು ಭಾಗಗಳ ಕೃತಿ ಮೂರು ಭಾಗಗಳದಾಯಿತು. ಕಳೆದುದೆಲ್ಲವೂ ಇಂಪಿನ ಅಂಶ, ಕೂಡಿಸಿದುದು ಮಂದ್ರದ ಕಪ್ಪು ಬಣ್ಣ. ನಿಧಾನಗತಿಯ ಆರಂಭದಲ್ಲಿ ಗ್ಲುಕ್‌ನ 'ಔಲಿಸ್‌ನಲ್ಲಿ ಇಫಿಜೀನಿಯಾ' ಅಪೆರಾದ ಪೀಠಿಕಾ ಸಂಗೀತದ ನೆನಪು ಸ್ಪಷ್ಟವಾಗಿದೆ. ಅನಂತರದ ದ್ರುತಭಾಗ ಮಾತ್ರ ಪೂರ್ಣವಾಗಿ ಅವನದೇ. ಮೊಜಾರ್ಟನಲ್ಲಿ ದುಃಖವೂ ಸುಂದರವಾದ ರಾಗದ ಆಕಾರವನ್ನು ತಾಳುತ್ತದೆ. ಕ್ರೌಸ್‌ನಲ್ಲಿ ಅದು ತುಂಡು ತುಂಡಾದ ಪದಗಳಾಗಿ, ಅನಿರೀಕ್ಷಿತ ಮೌನಗಳಾಗಿ ಒಡೆಯುತ್ತದೆ. 'ಸ್ವೀಡನ್ನಿನ ಮೊಜಾರ್ಟ್' ಎಂಬ ಬಿರುದಿನ ಪೊಳ್ಳುತನಕ್ಕೆ ಈ ಒಂದು ಕೃತಿಯೇ ಸಾಕಷ್ಟು ನಿದರ್ಶನ. ಇದು ಹೈಡನ್‌ಗೆ ಅರ್ಪಿತವಾದ ಕೃತಿಯೆಂಬ ಪ್ರತೀತಿಯಿದೆ. 1797ರಲ್ಲಿ ಹೈಡನ್ ಸ್ವೀಡಿಷ್ ರಾಜತಂತ್ರಜ್ಞ ಸಿಲ್ವರ್‌ಸ್ಟೋಲ್ಪೆಯೊಡನೆ ಮಾತನಾಡುತ್ತ, ತಾನು ಬಲ್ಲ ಮಹಾಪ್ರತಿಭೆಗಳ ಸಾಲಿನಲ್ಲಿ ಕ್ರೌಸ್‌ನನ್ನು ಇರಿಸಿದನೆಂದು ಆ ರಾಜತಂತ್ರಜ್ಞನೇ ದಾಖಲಿಸಿದ್ದಾನೆ.

ಪ್ರವಾಸ ದೀರ್ಘವಾದಷ್ಟೂ ಆಸ್ಥಾನದಲ್ಲಿ ಅವನ ಸ್ಥಾನ ಸಡಿಲವಾಯಿತು. 1786ರಲ್ಲಿ ಗುಸ್ತಾವ್ ಅಬ್ಬೆ ಫೋಗ್ಲರ್‌ನನ್ನು ಸಂಗೀತ ನಿರ್ದೇಶಕನನ್ನಾಗಿ ನೇಮಿಸಿದನು. ಈ ಆಡಂಬರಪ್ರಿಯ ವಿದ್ವಾಂಸನ ಬಗೆಗೆ ಕ್ರೌಸ್‌ಗೆ ಗೌರವವಿರಲಿಲ್ಲ. 1787ರಲ್ಲಿ ಹಿಂದಿರುಗಿದ ಕ್ರೌಸ್ ಅಕಾಡೆಮಿಯ ಶಿಕ್ಷಣದ ಹೊಣೆ ಹೊತ್ತನು. ಮರುವರ್ಷ ಉತ್ತೀನಿಯ ಉತ್ತರಾಧಿಕಾರಿಯಾಗಿ ಆಸ್ಥಾನ ವಾದ್ಯವೃಂದದ ಮುಖ್ಯಸ್ಥನಾದನು. ವಾಸ್ತುಶಿಲ್ಪಿ ಎರಿಕ್ ಪಾಲ್ಮ್‌ಸ್ಟೆಟ್‌ನ ಮನೆಯ ಗೋಷ್ಠಿಗಳೂ ಕವಿ-ಗಾಯಕ ಬೆಲ್‌ಮನ್‌ನ ಸ್ನೇಹವೂ ಈ ಕಾಲದ ನೆಮ್ಮದಿಗಳು. 'ಎರಡನೆಯ ಸುಲೇಮಾನ್' ಎಂಬ ಹಾಸ್ಯ ಅಪೆರಾ, 1789ರ ಸಂಸತ್ತಿನ ಅಧಿವೇಶನದ ಆರಂಭಕ್ಕಾಗಿ ಸ್ಟಾಕ್‌ಹೋಮಿನ ಪ್ರಧಾನ ಚರ್ಚಿನಲ್ಲಿ ನುಡಿಸಲು ಬರೆದ ಸಿಂಫನಿ, 1792ರಲ್ಲಿ 'ಒಲಿಂಪಿ' ನಾಟಕಕ್ಕೆ ಒದಗಿಸಿದ ಸಂಗೀತ, ಇವು ಆಸ್ಥಾನದ ಕರ್ತವ್ಯಗಳು.

1792ರ ಮಾರ್ಚ್ 16ರ ರಾತ್ರಿ, ಕ್ರೌಸ್‌ನ 'ಈನಿಯಸ್'ನಿಂದ ತೆರೆಯಬೇಕಾಗಿದ್ದ ಅದೇ ಅಪೆರಾಗೃಹದಲ್ಲಿ, ಮುಖವಾಡದ ನೃತ್ಯಕೂಟದ ನಡುವೆ ಆಂಕರ್‌ಸ್ಟ್ರೋಮ್ ಎಂಬುವನು ದೊರೆಗೆ ಗುಂಡು ಹಾರಿಸಿದನು. ಮಾರ್ಚ್ 29ರಂದು ಗುಸ್ತಾವ್ ಅಸುನೀಗಿದನು. ಈ ಹತ್ಯೆಯನ್ನು ಸಂಗೀತಲೋಕ ನೆನೆಯುವುದು ಓಬೇರ್‌ನ 1833ರ ಅಪೆರಾದಿಂದ, ಅದಕ್ಕಿಂತ ಹೆಚ್ಚಾಗಿ ವೆರ್ದಿಯ 1859ರ 'ಮುಖವಾಡದ ನೃತ್ಯಕೂಟ'ದಿಂದ. ದೊರೆಯ ದೇಹ ಇನ್ನೂ ಮಣ್ಣಾಗುವ ಮೊದಲೇ, ಅವನನ್ನು ಬಲ್ಲವನೊಬ್ಬ ಬರೆದ ಸಂಗೀತ ಮಾತ್ರ ಬಹುಕಾಲ ಮರೆಯಲ್ಲಿತ್ತು. ಏಪ್ರಿಲ್‌ನಲ್ಲಿ ದೊರೆಯ ಶವವನ್ನು ರಿಡ್ಡರ್‌ಹೋಮ್ ಚರ್ಚಿನಲ್ಲಿ ಇರಿಸಿದ ಸಂದರ್ಭಕ್ಕೆ ಶೋಕ ಸಿಂಫನಿ, ಮೇ ತಿಂಗಳ ಸಮಾಧಿ ವಿಧಿಗೆ ಶೋಕ ಕ್ಯಾಂಟಾಟ: ಎರಡನ್ನೂ ಕೆಲವೇ ವಾರಗಳಲ್ಲಿ ಅವನು ಮುಗಿಸಿದನು. ಬಟ್ಟೆ ಹೊದಿಸಿದ ನಗಾರಿಯ ಮಂಕು ಬಡಿತದಿಂದ ಸಿಂಫನಿ ಮೊದಲಾಗುತ್ತದೆ. ನಾಲ್ಕು ಭಾಗಗಳೂ ವಿಳಂಬಗತಿಯವು. ಒಂದು ಕಡೆಯೂ ದ್ರುತವಿಲ್ಲ. ಮೂರನೆಯ ಭಾಗದಲ್ಲಿ ಶವಸಂಸ್ಕಾರಕ್ಕೆ ಸ್ವೀಡನ್ನಿನ ಜನ ಹಾಡುತ್ತಿದ್ದ ಕೀರ್ತನೆಯ ಧಾಟಿಯನ್ನೇ ಇಟ್ಟಿದ್ದಾನೆ. ರಾಜನ ಶೋಕಸಂಗೀತದಲ್ಲಿ ಸಾಮಾನ್ಯನ ಶವಯಾತ್ರೆಯ ಹಾಡು ಕೇಳಿಸುವುದು ಔಪಚಾರಿಕ ಗೌರವದ ಮಾತಲ್ಲ.

ಆಶ್ರಯದಾತನ ನಂತರ ಅವನು ಒಂಬತ್ತು ತಿಂಗಳೂ ಉಳಿಯಲಿಲ್ಲ. ಕ್ಷಯರೋಗ ಬಲಿತು, 1792ರ ಡಿಸೆಂಬರ್ 15ರಂದು ಮೂವತ್ತಾರನೆಯ ವಯಸ್ಸಿನಲ್ಲಿ ಮರಣ ಹೊಂದಿದನು. ನಗರದ ಉತ್ತರಕ್ಕೆ ಬ್ರುನ್ಸ್‌ವಿಕೆನ್ ಕೊಲ್ಲಿಯ ದಂಡೆಯ ಟಿವೊಲಿಯಲ್ಲಿ ಅವನ ಸಮಾಧಿಯಿದೆ. ಹೆಪ್ಪುಗಟ್ಟಿದ ನೀರಿನ ಮೇಲೆ ಪಂಜಿನ ಬೆಳಕಿನಲ್ಲಿ ಸ್ನೇಹಿತರು ಶವವನ್ನು ಅಲ್ಲಿಗೆ ಒಯ್ದರೆಂದು ತಿಳಿದುಬರುತ್ತದೆ. 'ಈನಿಯಸ್' ರಂಗವನ್ನು ಕಂಡಿದ್ದು 1799ರ ನವೆಂಬರ್‌ನಲ್ಲಿ.

ಅವನ ಮರೆವಿಗೆ ಅಕಾಲ ಮರಣವೊಂದೇ ಕಾರಣವಲ್ಲ. ಸ್ವೀಡಿಷ್ ಸಾಹಿತ್ಯಕ್ಕೆ ಹೊಂದಿಸಿದ ಅಪೆರಾಗಳು ಆ ಭಾಷೆಯ ಗಡಿಯಾಚೆ ಸಾಗಲಿಲ್ಲ. ದೇಶಭಾಷಾ ರಂಗಭೂಮಿಗೆ ದುಡಿದುದರ ಬೆಲೆಯನ್ನು ಅವನು ಹೀಗೆ ತೆತ್ತನು. ವಾದ್ಯಕೃತಿಗಳ ಪಾಡು ಇನ್ನೊಂದು ಬಗೆಯದು. ಬರ್ಲಿನ್ನಿನಲ್ಲಿ 1784ರಲ್ಲಿ ಆರು ತಂತಿವಾದ್ಯ ಚತುಷ್ಕಗಳು ಅವನ ಹೆಸರಿನಲ್ಲಿಯೇ ಅಚ್ಚಾದವು. ಉಳಿದವು ಬಹುಮಟ್ಟಿಗೆ ಹಸ್ತಪ್ರತಿಗಳಲ್ಲಿಯೇ ಸಂಚರಿಸಿದವು. ಪ್ಯಾರಿಸ್ಸಿನಲ್ಲಿ ಅವನ ಸಿಂಫನಿಯೊಂದು ಕಂಬೀನಿಯ ಹೆಸರಿನಲ್ಲಿ ಪ್ರಕಟವಾಯಿತು. ಅವನ ವಿಯೊಲಾ ಕನ್ಸರ್ಟೊಗಳು ಅವನ ಸ್ನೇಹಿತನೇ ಆದ ಆಮೋರ್‌ಬಾಖ್ ಮಠದ ಸಂನ್ಯಾಸಿ ರೋಮನ್ ಹಾಫ್‌ಸ್ಟೆಟರ್‌ನವೆಂದು ಬಹಳ ಕಾಲ ಎಣಿಸಲ್ಪಟ್ಟವು. ಇದೇ ಹಾಫ್‌ಸ್ಟೆಟರ್‌ನ ಚತುಷ್ಕಗಳು ಹೈಡನ್‌ನವೆಂದು ಪ್ರಸಿದ್ಧವಾಗಿದ್ದು, 1964ರಲ್ಲಿ ಟೈಸನ್ ಮತ್ತು ರಾಬಿನ್ಸ್ ಲ್ಯಾಂಡನ್ ಆ ಕರ್ತೃತ್ವವನ್ನು ಪ್ರಶ್ನಿಸಿದರು. ಕ್ರೌಸ್‌ನ ಸಂಗೀತ ಹಾಫ್‌ಸ್ಟೆಟರ್‌ಗೆ, ಹಾಫ್‌ಸ್ಟೆಟರ್‌ನದು ಹೈಡನ್‌ಗೆ: ಹಸ್ತಪ್ರತಿಗಳ ಲೋಕದಲ್ಲಿ ಖ್ಯಾತನಾದವನ ಕಡೆಗೇ ಕೃತಿಗಳು ಹರಿಯುವ ಪರಿ ಇದು.

ಈ ಹರಿವನ್ನು ತಡೆದವನು ಸಿಲ್ವರ್‌ಸ್ಟೋಲ್ಪೆ. ಅವನು ಕ್ರೌಸ್‌ನ ಹಸ್ತಪ್ರತಿಗಳನ್ನು ಸಂಗ್ರಹಿಸಿ ಉಪ್ಸಾಲಾ ವಿಶ್ವವಿದ್ಯಾನಿಲಯದ ಗ್ರಂಥಾಲಯಕ್ಕೆ ಸೇರಿಸಿದನು. 1833ರಲ್ಲಿ ಜೀವನಚರಿತ್ರೆಯನ್ನೂ ಪ್ರಕಟಿಸಿದನು. 1928ರಲ್ಲಿ ಬೂಖೆನ್‌ನಲ್ಲಿ ಷ್ರೈಬರ್‌ನ ಜೀವನಚರಿತ್ರೆ ಹೊರಬಂದಿತು. 1982ರಲ್ಲಿ ಅದೇ ಊರಿನಲ್ಲಿ ಕ್ರೌಸ್ ಅಂತಾರಾಷ್ಟ್ರೀಯ ಸಂಘ ಸ್ಥಾಪನೆಯಾಯಿತು. ಬರ್ಟಿಲ್ ವಾನ್ ಬೂರ್ 1988ರಲ್ಲಿ ಸಿದ್ಧಪಡಿಸಿದ ಕೃತಿಸೂಚಿಯೇ ಇಂದಿನ ಅಧ್ಯಯನಗಳಿಗೆ ಆಧಾರ. ಸಿ ಮೈನರ್ ಸಿಂಫನಿಗೆ ಅದರಲ್ಲಿ 142ನೆಯ ಕ್ರಮಸಂಖ್ಯೆ, ಶೋಕ ಸಿಂಫನಿಗೆ 148ನೆಯದು. 1990ರ ದಶಕದಲ್ಲಿ ಈ ಸಿಂಫನಿಗಳ ಧ್ವನಿಮುದ್ರಣಗಳು ಬಂದವು.