ಫರ್ಡಿನಾಂಡ್ ಕಿಟೆಲ್

ಫರ್ಡಿನಾಂಡ್ ಕಿಟೆಲ್ (1832–1903) ಜರ್ಮನಿಯ ಕ್ರೈಸ್ತ ಧರ್ಮಪ್ರಚಾರಕರು, ಕನ್ನಡದ ನಿಘಂಟುಕಾರರು ಹಾಗೂ ವೈಯಾಕರಣರು. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕನ್ನಡ-ಇಂಗ್ಲಿಷ್ ನಿಘಂಟು ಅವರ ಪ್ರಧಾನ ಕೃತಿ. ವಿಭಕ್ತಿ ಪ್ರತ್ಯಯ ಮತ್ತು ಅವ್ಯಯಗಳ ಸ್ವರೂಪವನ್ನು ಪರಭಾಷಿಕರಿಗೆ ಕ್ರಮವಾಗಿ ತಿಳಿಸಿಕೊಟ್ಟ ವ್ಯಾಕರಣಗ್ರಂಥಕ್ಕಾಗಿಯೂ ಅವರು ಸ್ಮರಣೀಯರು.

ಜನನ ಮತ್ತು ಆರಂಭಿಕ ಜೀವನ

ಕಿಟೆಲ್ ಅವರು 1832ರ ಏಪ್ರಿಲ್‌ನಲ್ಲಿ ಉತ್ತರ ಜರ್ಮನಿಯ ಪೂರ್ವ ಫ್ರೀಸ್‌ಲ್ಯಾಂಡ್ ಪ್ರಾಂತದ ರೆಸ್ಟರ್‌ಹಾಫೆ ಎಂಬಲ್ಲಿ ಜನಿಸಿದರು. ತಂದೆ ಪಾದ್ರಿಯಾಗಿದ್ದರು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಸಂಸ್ಥೆಯಲ್ಲಿ ತರಬೇತಿ ಪಡೆದು 1853ರಲ್ಲಿ ಭಾರತಕ್ಕೆ ಬಂದರು. ಧಾರವಾಡ, ಮಂಗಳೂರು ಮತ್ತು ಮಡಿಕೇರಿಗಳಲ್ಲಿ ಸೇವೆ ಸಲ್ಲಿಸಿದರು. ಧರ್ಮಪ್ರಚಾರಕ್ಕೆ ಬಂದವರು ದೇಶಭಾಷೆಯ ಕಾವ್ಯ, ಛಂದಸ್ಸುಗಳಲ್ಲಿ ತಲ್ಲೀನರಾದುದು ಸಂಸ್ಥೆಯ ಹಿರಿಯರಿಗೆ ಸದಾ ರುಚಿಸಲಿಲ್ಲ. ಆದರೂ ಅವರು ಅಧ್ಯಯನವನ್ನು ಕೈಬಿಡಲಿಲ್ಲ.

ಕನ್ನಡ ಕಲಿಕೆ

ಪದಗಳ ಅರ್ಥ ತಿಳಿದ ಮಾತ್ರಕ್ಕೆ ಕನ್ನಡ ವಶವಾಗುವುದಿಲ್ಲ. ಪದದ ಕೊನೆಗೆ ಸೇರುವ ಕಿರಿದಾದ ಪ್ರತ್ಯಯಗಳೇ ಕರ್ತೃ, ಕರ್ಮ, ಸ್ಥಳ, ಕಾರಣಗಳ ಸಂಬಂಧವನ್ನು ಸೂಚಿಸುತ್ತವೆ. ಜರ್ಮನ್, ಇಂಗ್ಲಿಷ್‌ಗಳಲ್ಲಿ ನಾಮಪದದ ಮುಂದೆ ಬರುವ ಸಂಬಂಧಸೂಚಕ ಪದದ ಕೆಲಸವನ್ನು ಕನ್ನಡದಲ್ಲಿ ಹೆಚ್ಚಾಗಿ ಪದದ ಹಿಂದೆ ಸೇರುವ ಪ್ರತ್ಯಯವೇ ಮಾಡುತ್ತದೆ. ಅಲ್ಲದೆ ಒಂದೇ ಚತುರ್ಥಿ ವಿಭಕ್ತಿಯು ಅರಸನಿಗೆ, ಮನೆಗೆ, ಮರಕ್ಕೆ ಎಂದು ಪದಕ್ಕನುಗುಣವಾಗಿ ರೂಪ ಬದಲಿಸುತ್ತದೆ. ಏ, ಓ, ಊ ಎಂಬ ಒಂದಕ್ಷರದ ಅವ್ಯಯಗಳು ಕ್ರಮವಾಗಿ ಅವಧಾರಣೆ, ಸಂಶಯ, ಸಮುಚ್ಚಯಗಳನ್ನು ಸೂಚಿಸುತ್ತವೆ. ಅವನೇ, ಅವನೋ, ಅವನೂ ಎಂಬ ಮೂರು ಪದಗಳ ಅಂತರ ತಿಳಿಯದವನಿಗೆ ಕನ್ನಡದ ಮಾತು ಅರೆಬರೆಯಾಗಿಯೇ ಉಳಿಯುತ್ತದೆ.

ಈ ತಿಳಿವಿಗೆ ಕಿಟೆಲ್ ಅವರು ದೇಶೀಯ ವೈಯಾಕರಣರನ್ನೇ ಆಶ್ರಯಿಸಿದರು. ಹದಿಮೂರನೆಯ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣವನ್ನು 1872ರಲ್ಲಿ ಸಂಪಾದಿಸಿ ಪ್ರಕಟಿಸಿದರು. ಆ ಗ್ರಂಥದಲ್ಲಿ ವಿಭಕ್ತಿಗಳು ನಾಮಪ್ರಕರಣದಲ್ಲಿಯೂ ಅವ್ಯಯಗಳು ಕೊನೆಯ ಪ್ರಕರಣದಲ್ಲಿಯೂ ವಿವೇಚಿತವಾಗಿವೆ. 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನು ಹೊರತಂದರು.

ನಿಘಂಟು

ಕಿಟೆಲ್ ಅವರಿಗಿಂತ ಮೊದಲೇ ಈ ಕ್ಷೇತ್ರದಲ್ಲಿ ಬಳ್ಳಾರಿ ಹೆಸರಾಗಿತ್ತು. ಅಲ್ಲಿನ ಲಂಡನ್ ಮಿಷನ್ನಿನ ವಿಲಿಯಂ ರೀವ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1832ರಲ್ಲಿ, ಅಂದರೆ ಕಿಟೆಲ್ ಹುಟ್ಟಿದ ವರ್ಷದಲ್ಲಿಯೇ, ಪ್ರಕಟವಾಗಿತ್ತು. ಕಿಟೆಲ್ ಅವರು ಅದಕ್ಕಿಂತ ವಿಸ್ತಾರವಾದ ಕೋಶವನ್ನು ರಚಿಸಿದರು. ಸುಮಾರು 70,000 ಪದಗಳುಳ್ಳ ಇದರಲ್ಲಿ ಕಾವ್ಯ, ಶಾಸ್ತ್ರ, ಗಾದೆ ಮತ್ತು ಆಡುಮಾತಿನ ಪ್ರಯೋಗಗಳಿವೆ. ಈ ಕಾರ್ಯಕ್ಕಾಗಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು 1896ರಲ್ಲಿ ಗೌರವ ಡಾಕ್ಟರೇಟ್ ನೀಡಿತು.

ವ್ಯಾಕರಣಗ್ರಂಥ ಮತ್ತು ಪ್ರಾದೇಶಿಕ ರೂಪಗಳು

ಜರ್ಮನಿಗೆ ಮರಳಿದ ಬಳಿಕ ಬರೆದು ಮುಗಿಸಿದ ಇಂಗ್ಲಿಷ್ ಭಾಷೆಯ ಕನ್ನಡ ವ್ಯಾಕರಣವು 1903ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಹಳಗನ್ನಡ, ನಡುಗನ್ನಡ, ಹೊಸಗನ್ನಡಗಳೆಂಬ ಮೂರು ಅವಸ್ಥೆಗಳನ್ನೂ ಒಟ್ಟಿಗೆ ವಿವರಿಸಿದುದು ಇದರ ವೈಶಿಷ್ಟ್ಯ. ಮರಮಂ, ಮರವ, ಮರವನ್ನು ಎಂಬ ದ್ವಿತೀಯಾ ರೂಪಗಳನ್ನು ಹೀಗೆ ಒಂದೇ ಪರಂಪರೆಯಾಗಿ ಕಾಣಬಹುದು.

ಈ ಐತಿಹಾಸಿಕ ದೃಷ್ಟಿಯ ಪ್ರಯೋಜನ ಇಂದಿನ ಆಡುಮಾತಿನಲ್ಲಿಯೂ ಕಾಣುತ್ತದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಭಾಗದ ಜನರು ಊರಾಗ, ಮನ್ಯಾಗ, ಹೊಲದಾಗ ಎನ್ನುತ್ತಾರೆ. ಪಠ್ಯಪುಸ್ತಕದ ಅಲ್ಲಿ ಪ್ರತ್ಯಯವನ್ನು ಮಾತ್ರ ಕಲಿತವನಿಗೆ ಇದು ತಪ್ಪೆಂದು ತೋರಬಹುದು. ವಾಸ್ತವದಲ್ಲಿ ಹಳಗನ್ನಡದ ಸಪ್ತಮಿ ಪ್ರತ್ಯಯವಾದ ಒಳ್ ಎಂಬುದೇ ಒಳಗೆ, ಒಳಗ ಎಂದಾಗಿ ಇಲ್ಲಿ ಆಗ ಎಂಬ ರೂಪ ತಾಳಿದೆ. ಗ್ರಾಮ್ಯವೆಂದು ಬದಿಗಿರಿಸಲಾಗುವ ಈ ರೂಪಕ್ಕೆ ಕೇಶಿರಾಜನ ಸೂತ್ರದಷ್ಟೇ ಹಿರಿದಾದ ವಂಶವಿದೆ.

ತೌಲನಿಕ ಹಿನ್ನೆಲೆ

ಪದದ ಹಿಂದೆ ಪ್ರತ್ಯಯ ಹತ್ತುವ ಭಾಷೆಗಳಲ್ಲಿ ಕೊರಿಯನ್ ಕೂಡ ಒಂದು. ಅದರ ಕರ್ಮಸೂಚಕವು ವ್ಯಂಜನಾಂತ ಪದದ ಮೇಲೆ ಉಲ್ ಎಂದೂ ಸ್ವರಾಂತ ಪದದ ಮೇಲೆ ರುಲ್ ಎಂದೂ ಬರುತ್ತದೆ. ನಮ್ಮ ಊ ಅವ್ಯಯದ ಕೆಲಸವನ್ನು ಅಲ್ಲಿ ದೋ ಮಾಡುತ್ತದೆ; ನಾನೂ ಎಂಬುದಕ್ಕೆ ನಾದೋ ಎನ್ನುತ್ತಾರೆ. ಆದರೆ ಪ್ರಸ್ತಾಪದ ವಿಷಯವನ್ನು ಸೂಚಿಸುವ ಉನ್ ಅಥವಾ ನುನ್ ಎಂಬುದಕ್ಕೆ ಸಮನಾದ ವಿಭಕ್ತಿ ಕನ್ನಡದಲ್ಲಿಲ್ಲ. ನಾನಂತೂ ಎಂಬಲ್ಲಿಯ ಅಂತೂ ಕೆಲವೆಡೆ ಅದರ ಸಮೀಪಕ್ಕೆ ಬರುತ್ತದೆ. ಇಂಥ ಹೋಲಿಕೆಗಳನ್ನು ಆಧರಿಸಿ ಅಮೆರಿಕದ ಹೋಮರ್ ಹಲ್ಬರ್ಟ್ ಅವರು 1905ರಲ್ಲಿ ಕೊರಿಯನ್ ಮತ್ತು ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು ಪ್ರಕಟಿಸಿದರು. ರಚನೆಯ ಸಾಮ್ಯವಿದ್ದರೂ ಇವು ಒಂದೇ ಕುಲದ ಭಾಷೆಗಳೆಂಬುದನ್ನು ಇಂದಿನ ಭಾಷಾವಿಜ್ಞಾನಿಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಪ್ರತಿಯೊಂದು ಭಾಷೆಯ ಪ್ರತ್ಯಯವನ್ನೂ ಆ ಭಾಷೆಯ ಪ್ರಯೋಗದಿಂದಲೇ ಅರಿಯಬೇಕಾಗುತ್ತದೆ. ಕಿಟೆಲ್ ಅವರು ಕನ್ನಡದಲ್ಲಿ ಅನುಸರಿಸಿದ್ದು ಇದೇ ಮಾರ್ಗವನ್ನು.

ನಿಧನ ಮತ್ತು ಸ್ಮರಣೆ

ವ್ಯಾಕರಣವು ಪ್ರಕಟವಾದ ವರ್ಷವೇ, 1903ರ ಡಿಸೆಂಬರ್‌ನಲ್ಲಿ, ಕಿಟೆಲ್ ಅವರು ಟ್ಯೂಬಿಂಗೆನ್‌ನಲ್ಲಿ ನಿಧನರಾದರು. ಮರಿಯಪ್ಪ ಭಟ್ಟರು ಪರಿಷ್ಕರಿಸಿದ ಅವರ ನಿಘಂಟನ್ನು ಮದರಾಸು ವಿಶ್ವವಿದ್ಯಾಲಯವು ಸಂಪುಟಗಳಲ್ಲಿ ಪ್ರಕಟಿಸಿತು. ಧಾರವಾಡದ ಕಿಟೆಲ್ ಕಾಲೇಜು ಮತ್ತು ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿರುವ ಪ್ರತಿಮೆ ಅವರ ಸ್ಮಾರಕಗಳಾಗಿವೆ.